ನುಂಗಿದ ಸೊನ್ನೆ

ಬಾಗಿಲು ತೆರೆದ ಮುದುಕಿ ಒಳಗೆ ಬನ್ನಿ ಎನ್ನಲಿಲ್ಲ.

“ನನ್ನ ಮಗನ್ನ ಸುಳ್ಳ ಅಂದೋರು ನೀವೇ ಅಲ್ವಾ?”

ಮೇಲ್ವಿಚಾರಕಿ ತಲೆ ತಗ್ಗಿಸಿದಳು. “ಹೌದಮ್ಮ, ನಾನೇ. ಅದಕ್ಕೇ ಬಂದೆ.”

ಮುದುಕಿ ದಾರಿ ಬಿಟ್ಟಳು. ಇಕ್ಕಟ್ಟಾದ ಕೋಣೆ, ಎರಡು ಕುರ್ಚಿ, ಗೋಡೆಗೆ ಗಡಿಯಾರ. ನಾಲ್ಕಾಗಲು ಹತ್ತು ನಿಮಿಷವಿತ್ತು. ಮಗ ಪೆಂಗ್ವಿನ್ ಕಿಟಕಿಯ ಪಕ್ಕ ಕೂತು ಪತ್ರಿಕೆಯ ಕೆಲಸದ ಜಾಹೀರಾತುಗಳಿಗೆ ಗುರುತು ಹಾಕುತ್ತಿದ್ದ. ಅವಳನ್ನು ಕಂಡದ್ದೇ ಪೆನ್ನು ಬಿಟ್ಟು ಎದ್ದು ನಿಂತ.

ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಲಾಂಛನ ಪೆಂಗ್ವಿನ್ ಆದ್ದರಿಂದ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಅವನಿಗೆ ಇಟ್ಟ ಅಡ್ಡಹೆಸರು ಅದು. ವಿಂಡೋಸ್, ಮ್ಯಾಕ್ ಯಂತ್ರಗಳು ಅವಳ ಪಾಲು. ಲ್ಯಾಬು ಮತ್ತು ಐಸಿಯುವಿನ ನಲವತ್ತಮೂರು ಲಿನಕ್ಸ್ ಯಂತ್ರಗಳು ಅವನ ಪಾಲು. ಪ್ರತಿಯೊಂದರ ಒಳಗೂ ಏಜೆಂಟ್ ಎಂಬ ಕಾವಲುಗಾರ ತಂತ್ರಾಂಶವಿರುತ್ತದೆ. ಹಳೆಯ ಏಜೆಂಟನ್ನು ತೆಗೆದು ಹೊಸದನ್ನು ಕೂರಿಸುವುದು ಇವರ ಕಸುಬು.

ಮೂರು ತಿಂಗಳ ಹಿಂದೆ ಹೊಸ ಆವೃತ್ತಿ ಬಂತು: 4.10. ಅಂದರೆ 4.9ರ ನಂತರದ್ದು. “ಎಲ್ಲಾ ಹತ್ತಕ್ಕೆ ತಂದಿದ್ದೀನಿ ಮೇಡಂ” ಎಂದ ಪೆಂಗ್ವಿನ್. ಅವಳು ಅವನ ಯಂತ್ರಗಳ ಪಟ್ಟಿಯನ್ನು ಕಂಪ್ಯೂಟರಿನ ಲೆಕ್ಕದ ಶೀಟಿಗೆ ಇಳಿಸಿ ನೋಡಿದಳು. ನಲವತ್ತಮೂರು ಸಾಲಿನಲ್ಲೂ 4.1. ಮೂರು ವರ್ಷ ಹಳೆಯದು! ಸಭೆಯಲ್ಲಿ ಎಲ್ಲರೆದುರು ಹಾಳೆ ಹಿಡಿದು ಕೇಳಿದಳು: “ಇದೇನಪ್ಪಾ ನಿನ್ನ ಹತ್ತು?” ಅವನು ನೆಲ ನೋಡಿದ. ಸಂಜೆಗೆ ಕೆಲಸ ಹೋಯಿತು.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಂಡಿತ್ತು ಅವಳಿಗೆ. ತನ್ನ ಯಂತ್ರಗಳ ಪಟ್ಟಿಯನ್ನು ಶೀಟಿಗೆ ಇಳಿಸಿದ್ದು ಹೋದ ವಾರ ಮಾತ್ರ. ಕೈಯಾರೆ 4.10 ಹಾಕಿದ್ದ ವಿಂಡೋಸ್ ಯಂತ್ರಗಳೂ ಅಲ್ಲಿ 4.1! ಶೀಟು ಅದನ್ನು ಶಾಲೆಯ ದಶಮಾಂಶವೆಂದು ತಿಳಿದು, ಬೆಲೆಯಿಲ್ಲವೆಂದು ಕೊನೆಯ ಸೊನ್ನೆಯನ್ನು ನುಂಗಿ ಹಾಕಿತ್ತು. ಆ ಸೊನ್ನೆಯ ಜೊತೆ ಒಬ್ಬನ ಅನ್ನವೂ ಹೋಗಿತ್ತು. ಅವಳಿಗೆ ಅಂದಿನಿಂದ ಊಟ ಸೇರಲಿಲ್ಲ.

ನಿರ್ದೇಶಕರಿಗೆ ತಪ್ಪೊಪ್ಪಿಗೆ ಬರೆದಳು. ಬೈಸಿಕೊಂಡಳು. ಅವನನ್ನು ಮರಳಿ ಕರೆಯುವ ಪತ್ರ ಬರೆಸಿಕೊಂಡೇ ಎದ್ದಳು. ಈಗ ಅದನ್ನು ಅವನ ಕೈಗಿಟ್ಟಳು.

ಅವನು ಎರಡೆರಡು ಸಲ ಓದಿದ. “ಯಾಕೆ ಮೇಡಂ ಇಷ್ಟೆಲ್ಲಾ?”

“ಶೀಟು ಸೊನ್ನೆ ನುಂಗಿತ್ತು ಕಣಪ್ಪಾ. ನಾನು ನಿನ್ನ ಮಾತು ನಂಬಬೇಕಿತ್ತು.”

“ಅಷ್ಟು ನಂಬೋಕೆ ನಾನೇನು ದೊಡ್ಡೋನಲ್ಲ ಬಿಡಿ.”

ಎಂಥ ವಿನಯ! ಎಂದುಕೊಂಡಳು ಮೇಲ್ವಿಚಾರಕಿ.

“ನೂರು ಸಲ ಹೇಳ್ದೆ, ನನ್ನ ಮಗ ಅಂಥೋನಲ್ಲ ಅಂತ” ಎಂದಳು ತಾಯಿ. “ಆ ತಿಂಗಳು ನಂಗೆ ಆಪರೇಷನ್ ಆಗಿತ್ತಮ್ಮ. ಹಗಲೂ ರಾತ್ರಿ ನನ್ನ ಮಂಚ ಬಿಟ್ಟು ಕದಲಲಿಲ್ಲ ಇವ್ನು. ಆ ಕಂಪ್ಯೂಟರ್ ಮುಟ್ಟೋಕೂ ಪುರುಸೊತ್ತಿರಲಿಲ್ಲ ಪಾಪ. ಅಂಥಾದ್ರಲ್ಲೂ ಕೆಲಸ ಮುಗಿಸಿ ಕೊಟ್ಟ!”

ಅವನು ತಾಯಿಯ ಮುಖ ನೋಡಲಿಲ್ಲ. ಇಂಥ ಮಗನ ಮೇಲೆ ಗೂಬೆ ಕೂರಿಸಿದೆನಲ್ಲಾ ಎಂದು ಮೇಲ್ವಿಚಾರಕಿ ಕಣ್ಣೊರೆಸಿಕೊಂಡಳು. ಅದನ್ನು ಕಂಡು ಮುದುಕಿಯ ಮನಸ್ಸೂ ಕರಗಿತು. “ಇರಿ, ಟೀ ಮಾಡ್ತೀನಿ” ಎಂದು ಒಳಗೆ ಹೋದಳು.

ಗಡಿಯಾರ ನಾಲ್ಕು ದಾಟಿತು.

“ಇನ್ನೊಂದು ವಿಷಯ” ಎಂದಳು ಮೇಲ್ವಿಚಾರಕಿ. “ಏಜೆಂಟಿನ ಮುಂದಿನ ಆವೃತ್ತಿ, ಹನ್ನೊಂದು ಬಂದಿದೆ. ಇವತ್ತು ನಾಲ್ಕು ಗಂಟೆಗೆ ತಾನಾಗೇ ಶುರುವಾಗೋ ಹಾಗೆ ಇಟ್ಟು ಬಂದಿದ್ದೀನಿ. ನಿನ್ನ ನಲವತ್ತಮೂರಕ್ಕೂ.”

ಪೆಂಗ್ವಿನ್ ಪತ್ರವನ್ನು ಮೆಲ್ಲಗೆ ಮಡಚಿದ. “ಅದನ್ನ ಹತ್ತು ಇರೋ ಯಂತ್ರಕ್ಕೆ ಮಾತ್ರ ಹಾಕಬೇಕು ಅಂತ ಇರುತ್ತಲ್ಲ, ಮೇಡಂ?”

“ಹೌದು. ಅದಕ್ಕಿಂತ ಹಳೇದರ ಮೇಲೆ ಹಾಕಿದ್ರೆ ಯಂತ್ರ ಮತ್ತೆ ಏಳಲ್ಲ ಅಂತ ಮೊದಲನೇ ಪುಟದಲ್ಲೇ ಇದೆ.”

“ಒಂದೊಂದನ್ನೂ ತೆರೆದು ನೋಡಿದ್ರಾ?”

‘ಪ್ರತಿ ಯಂತ್ರವನ್ನೂ ಪರಿಶೀಲಿಸಿದ್ದೇನೆ’ ಎಂಬ ಚೌಕಕ್ಕೆ ಅವಳು ಗುರುತು ಹಾಕಿದ್ದು ನಿಜ. ತೆರೆದು ನೋಡಿರಲಿಲ್ಲ. ಅನುಮಾನಪಟ್ಟು ಒಮ್ಮೆ ಮನೆಹಾಳು ಕೆಲಸ ಮಾಡಿದ್ದು ಸಾಲದೇ? ಮತ್ತೆ ತಡಕಿ ನೋಡಿದರೆ ಗಾಯದ ಮೇಲೆ ಬರೆ ಎಳೆದಂತೆ.

“ಇಲ್ಲಪ್ಪಾ” ಎಂದಳು, ತುಸು ಹೆಮ್ಮೆಯಿಂದಲೇ. “ಈ ಸಲ ನಿನ್ನ ಮಾತೇ ಸಾಕು ಅಂದ್ಕೊಂಡೆ.”

ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಒಪ್ಪಿದನೇ ಎಂದು ಕೇಳಲು ನಿರ್ದೇಶಕರು ಮಾಡಿರಬೇಕು. ಕ್ಷಮೆ ಕೇಳಲು ಬಂದವಳು ಫೋನಿನಲ್ಲಿ ಮಾತಾಡಿದರೆ ಚೆನ್ನಾಗಿರುವುದಿಲ್ಲವೆಂದು ಕಟ್ ಮಾಡಿದಳು. ಮತ್ತೆ ಬಂತು. ಈ ಸಲ ಹೆಸರು ನೋಡಿದಳು: ಐಸಿಯು.

ಪೆಂಗ್ವಿನ್ ಅಡುಗೆಮನೆಯತ್ತ ಒಮ್ಮೆ ನೋಡಿ, ತಾಯಿಗೆ ಕೇಳದಷ್ಟು ದನಿ ತಗ್ಗಿಸಿದ.

“ಮೇಡಂ, ನನ್ನ ನಲವತ್ತಮೂರರಲ್ಲಿ ನುಂಗೋಕೆ ಸೊನ್ನೇನೇ ಇರ್ಲಿಲ್ಲ.”