ನೋವಿನ ಪಾಲು

ಟಿಕೆಟ್ಟಿನೊಂದಿಗೆ ಕೊಟ್ಟ ಪಟ್ಟಿಯನ್ನು ಗುಡ್ಡಪ್ಪ ಎಂದಿನಂತೆ ಬಲಭುಜಕ್ಕೆ ಬಿಗಿದುಕೊಂಡ. ಬೌಲರನ ನೋವು ಪಟ್ಟಿ ಕಟ್ಟಿಕೊಂಡ ಅಭಿಮಾನಿಗಳಿಗೆಲ್ಲ ಹಂಚಿಹೋಗುತ್ತಿತ್ತು. ಈ ಪಂದ್ಯ ಗೆದ್ದರೆ ರಾಣೆಬೆನ್ನೂರು ತಂಡಕ್ಕೆ ಮೊದಲ ಸೆಮಿಫೈನಲ್.

“ಈ ಮೌನೇಶಗ ಯಾಕ ಬಾಲ್ ಕೊಟ್ರೋ? ನಮ್ಮವ್ವ ರೊಟ್ಟಿ ಬಡಿಯೂದು ಇದಕ್ಕಿಂತ ಜೋರು,” ಎಂದು ಬೈದ.

ಆದರೆ ಆ ಹೊಸ ಹುಡುಗ ಮೇಲಿಂದ ಮೇಲೆ ವಿಕೆಟ್ ಕಿತ್ತ. ಗ್ಯಾಲರಿ ಕುಣಿಯಿತು. ಅಷ್ಟರಲ್ಲಿ ಭುಜದೊಳಗೆ ಕೆಂಡ ಇಟ್ಟಂತಾಯಿತು. ಸುತ್ತಲಿನವರು ಒಬ್ಬೊಬ್ಬರಾಗಿ ಪಟ್ಟಿ ಬಿಚ್ಚಿದರು. ಅವರ ಪಾಲಿನ ನೋವೆಲ್ಲ ಮತ್ತೆ ಮೌನೇಶನಿಗೇ ಹೋಯಿತು.

“ನೀನೂ ಬಿಚ್ಚಪಾ. ಒಂದ ಓವರ್ ಐತಿ, ಗೆದ್ದಂಗ,” ಎಂದ ಪಕ್ಕದ ಖಾದರಸಾಬ.

“ಇದು ದಣಿವಲ್ಲೋ. ಭುಜ ಹರಿಯಾಕತ್ತೈತಿ. ಇನ್ನೂ ಹತ್ತು ವರ್ಷ ಆಡೂ ಹುಡುಗ.”

ಪಟ್ಟಿಯ ಕೆಂಪು ದಾರವನ್ನು ಯಾವ ಅಭಿಮಾನಿ ಎಳೆದರೂ ಬೌಲರನನ್ನು ಹೊರಗೆ ಕಳಿಸಲೇಬೇಕೆಂಬುದು ನಿಯಮ. ಗೆಲ್ಲುವ ಪಂದ್ಯದಲ್ಲಿ ಅದನ್ನು ಯಾರೂ ಎಳೆದವರಿಲ್ಲ.

“ಎಳದ್ರ ಊರಾಗ ಮಾರಿ ತೋರಿಸಾಕ ಆಗಂಗಿಲ್ಲ ನೋಡು,” ಎಂದ ಖಾದರಸಾಬ, ಗುಡ್ಡಪ್ಪನ ಕೈ ದಾರದತ್ತ ಹೋದದ್ದು ಕಂಡು.

ಗುಡ್ಡಪ್ಪ ಎಳೆದ. ಮೈದಾನದಲ್ಲಿ ಗಂಟೆ ಮೊಳಗಿತು. ಮೌನೇಶ ಕೈ ಹಿಡಿದುಕೊಂಡು, ಅಳುತ್ತ ಹೊರನಡೆದ. ಹಿಂದಿನಿಂದ ಒಂದು ನೀರಿನ ಬಾಟಲಿ ಬಂದು ಗುಡ್ಡಪ್ಪನ ಬೆನ್ನಿಗೆ ಬಡಿಯಿತು, ಆಮೇಲೆ ಇನ್ನೊಂದು.

“ಒಗೀರಿ,” ಎಂದ ಆತ ತಿರುಗಿ ನೋಡಿ. “ನಿಮ್ಮ ಭುಜಕ್ಕೇನೂ ಆಗಿಲ್ಲಲ್ಲ.”