ಬಾಟಲಿ ಎಸೆದ ಕೈ

“ಯಾವನೋ ಹಾಳಾದವನು ಬಾಟಲಿ ಎಸೆದ, ಈಗ ಊರಿಗೆ ಊರೇ ಈ ಅಂಗೈಯಗಲದ ಫೋನು ನೋಡ್ಕೊಂಡು ಕೂರೋ ಹಾಗಾಯ್ತು. ಅವನ ಕೈ ಸೇದ್ಹೋಗ!” ಎನ್ನುತ್ತ ನೆರೆಮನೆಯ ಪಿಲಿ, ಹುರಿದ ಮರಗೆಣಸಿನ ತಟ್ಟೆಯನ್ನು ಚಾಪೆಯ ಮೇಲೆ ಕುಕ್ಕಿದಳು.

ಕೇರಿಯ ಹುಡುಗ ಕಾಸಿಮು ತಲೆ ಎತ್ತಲಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಫೋನು ನಿಲ್ಲಿಸುವುದರಲ್ಲೇ ಮುಳುಗಿದವನಂತೆ ನಟಿಸಿದ. ಮೂರು ವಾರದ ಹಿಂದೆ ದಾರ್ ಎಸ್ ಸಲಾಮಿನ ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಯೊಬ್ಬನ ಮೊಣಕಾಲು ಬಡಿದು ಮಾವಿಂಬಿ ಕ್ಲಬ್ಬಿನ ಗೋಲ್ ಕೀಪರ್ ಜುಬೇರಿ ಎದೆ ಹಿಡಿದು ಬಿದ್ದಿದ್ದ. ಅವನನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ಯುವಾಗ ಮೇಲಿನ ಸಾಲುಗಳಿಂದ ನೀರಿನ ಬಾಟಲಿಗಳು ಹಾರಿದವು. ಮೊದಲನೆಯದು ಕಾಸಿಮುವಿನದು. ಅದು ಅವನಿಗೂ ದೇವರಿಗೂ ಮಾತ್ರ ಗೊತ್ತು. ಆ ತಪ್ಪಿಗೆ ಶಿಕ್ಷೆಯೆಂದು ಇಂದಿನ ಪಂದ್ಯಕ್ಕೆ ಒಬ್ಬ ಪ್ರೇಕ್ಷಕನನ್ನೂ ಒಳಗೆ ಬಿಟ್ಟಿರಲಿಲ್ಲ. ಟ್ಯುನೀಷಿಯಾದಿಂದ ಬಂದ ತಂಡ, ಆಫ್ರಿಕಾ ಕಪ್ಪಿನ ಕೊನೆಯ ಎಂಟು ತಂಡಗಳ ಘಟ್ಟದ ಆಟ, ಸುತ್ತ ಖಾಲಿ ಕುರ್ಚಿಗಳು.

ಚಾಪೆಯ ನಡುವೆ ಜುಬೇರಿಯ ತಾಯಿ ಕೂತಿದ್ದಳು. ಆಕೆಯ ಕಣ್ಣು ಹೋಗಿ ಆರು ವರ್ಷ.

“ಅವನು ಆಡ್ತಿದ್ದಾನಾ?”

“ಆಡ್ತಿದ್ದಾನಮ್ಮ. ಹಳದಿ ಅಂಗಿ ಹಾಕ್ಕೊಂಡು ಕಂಬದ ಹಾಗೆ ನಿಂತಿದ್ದಾನೆ.”

“ನನ್ನ ಸಮಾಧಾನಕ್ಕೆ ಹೇಳ್ಬೇಡ ಮಗಾ.”

ಆಕೆ ಯಾರನ್ನೂ ನಂಬುತ್ತಿರಲಿಲ್ಲ. ಜುಬೇರಿ ದಿನವೂ ಫೋನು ಮಾಡಿ ‘ಚೆನ್ನಾಗಿದ್ದೀನಮ್ಮ’ ಎನ್ನುತ್ತಿದ್ದ. ಹೋದ ವರ್ಷ ಮಲೇರಿಯಾ ಬಂದು ಹದಿನೈದು ದಿನ ಹಾಸಿಗೆ ಹಿಡಿದಿದ್ದಾಗಲೂ ಹಾಗೇ ಅಂದಿದ್ದ. ಅವರಿದ್ದ ಟಾಂಗಾ ಪಟ್ಟಣದ ಆ ಕೇರಿಯಲ್ಲಿ ಕುರುಡಿಯ ಎದುರು ಕೆಟ್ಟ ಸುದ್ದಿ ಹೇಳುವ ಧೈರ್ಯ ಯಾರಿಗೂ ಇಲ್ಲವೆಂಬುದೂ ಆಕೆಗೆ ಗೊತ್ತಿತ್ತು. “ಫೋನಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ,” ಎಂದು ಗೊಣಗಿದಳು. ಮಗನ ಎದೆಯೊಳಗೆ ಏನೋ ಮುರಿದಿದೆ, ಎಲ್ಲ ಸೇರಿ ಮುಚ್ಚಿಡುತ್ತಿದ್ದಾರೆ ಎಂಬ ಹುಳ ಮೂರು ವಾರದಿಂದ ಆಕೆಯನ್ನು ಕೊರೆಯುತ್ತಿತ್ತು. ಊಟವೂ ಅಷ್ಟಕ್ಕಷ್ಟೆ.

ಫೋನಿನೊಳಗಿನ ವೀಕ್ಷಕ ವಿವರಣೆಗಾರ ಉಸಿರು ಬಿಡದೆ ಒದರುತ್ತಿದ್ದ. ಐದು ನಿಮಿಷ ಕೇಳಿದ ಮುದುಕಿ ಸೆರಗಿನಿಂದ ಕಿವಿ ಒರೆಸಿಕೊಂಡು, “ಈ ಬಾಯಿಬಡುಕನ ಬಾಯಿ ಮುಚ್ಚಿಸೋಕೆ ಆಗಲ್ವೇನೋ?” ಎಂದಳು.

ವಿವರಣೆಯಿಲ್ಲದ ಆಟ ಕಾಸಿಮುವಿಗೆ ಉಪ್ಪಿಲ್ಲದ ಸಾರು. ಆದರೂ ಪರದೆಯನ್ನು ಅಲ್ಲಿಲ್ಲಿ ಒತ್ತಿ, ‘ಮೈದಾನದ ಸದ್ದು ಮಾತ್ರ’ ಎಂಬುದನ್ನು ಹುಡುಕಿ ತೆಗೆದ. ಬಾಯಿಬಡುಕ ಮಾಯವಾದ. ಚೆಂಡು ಒದ್ದ ಧಪ್ ಸದ್ದು, ಒಂದು ಸೀಟಿ, ಎಲ್ಲೋ ಒಂದು ಕಾಗೆ.

“ಸೂತಕದ ಮನೆ ಥರ ಇದೆಯಲ್ಲೋ,” ಎಂದಳು ಪಿಲಿ.

ಅಷ್ಟರಲ್ಲಿ ಫೋನಿನಿಂದ ಒಂದು ದನಿ ಸಿಡಿಯಿತು. “ಹಿಂದೆ ನೋಡ್ರೋ, ಹಿಂದೆ! ಕಣ್ಣು ಮನೇಲಿಟ್ಟು ಬಂದಿದ್ದೀರೇನ್ರೋ!”

ಮುದುಕಿಯ ಕೈಯಲ್ಲಿದ್ದ ಮರಗೆಣಸಿನ ತುಂಡು ಕೆಳಗೆ ಬಿತ್ತು.

“ಅದು ನನ್ನ ಬೈಗುಳ,” ಎಂದಳು. “ಅವನು ಕೊಡ ಒಡೆದು ಬಂದಾಗೆಲ್ಲ ನಾನು ಬೈತಿದ್ದದ್ದು.” ಆಮೇಲೆ ಫೋನಿನತ್ತ ಬಾಗಿ, “ಎದೆ ಮೂಳೆ ಮುರಿದವನು ಹೀಗೆ ಕೂಗ್ತಾನಾ ಕಾಸಿಮು? ನಿಜ ಹೇಳು.”

“ಕೂಗೋದಿರ್ಲಿ, ಕೆಮ್ಮೋಕೂ ಆಗಲ್ಲಮ್ಮ.”

ಆಮೇಲೆ ಶುರುವಾಯಿತು ಮುದುಕಿಯ ಹೊಸ ಕಾಟ. ಎದುರಾಳಿಗಳು ನುಗ್ಗಿ ಬಂದರೆ ಮಾತ್ರ ಮಗ ಕೂಗುತ್ತಾನೆ ಎಂದು ತಿಳಿದದ್ದೇ ತಡ, “ಬರ್ಲಿ, ಇನ್ನೊಂದ್ಸಲ ಬರ್ಲಿ!” ಎಂದು ಅವರನ್ನೇ ಹುರಿದುಂಬಿಸತೊಡಗಿದಳು.

“ಅಮ್ಮಾ, ನೀವು ಯಾರ ಕಡೆ?” ಪಿಲಿ ಸೊಂಟದ ಮೇಲೆ ಕೈಯಿಟ್ಟಳು.

“ಕೂಗೋವನ ಕಡೆ ಕಣೇ.”

ಪರದೆ ಎರಡು ಸಲ ನಿಂತು, ಅದರ ಮೇಲೊಂದು ಚಕ್ರ ಗಿರಗಿರ ತಿರುಗಿತು; ಎರಡು ಸಲವೂ ಆಕೆ ಉಸಿರು ಬಿಗಿಹಿಡಿದು ಕಾದಳು. ಬೈಗುಳ ಮರಳಿ ಕೇಳಿದಾಗ “ಅಲ್ಹಮ್ದುಲಿಲ್ಲಾ” ಎಂದು ಕಣ್ಣೊರೆಸಿಕೊಂಡಳು. ಯಾರೂ ಗೋಲು ಹೊಡೆಯದೆ ಆಟ ಮುಗಿಯಿತು. ತಟ್ಟೆ ಖಾಲಿಯಾಗಿತ್ತು; ಬಹುಪಾಲು ತಿಂದವಳು ಮುದುಕಿಯೇ.

“ದೇವರು ದೊಡ್ಡವನು. ಜನ ಇದ್ದಿದ್ರೆ ಆ ಡೋಲಿನ ಗದ್ದಲದಲ್ಲಿ ನನ್ನ ಮಗ ನನಗೆಲ್ಲಿ ಕೇಳ್ತಿದ್ದ?” ಎಂದಳು. “ಬಾಟಲಿ ಎಸೆದ ಪುಣ್ಯಾತ್ಮ ಯಾರೋ, ಅವನ ಮನೆ ತಣ್ಣಗಿರಲಿ.”

ಮೂರು ವಾರದಿಂದ ಊರೆಲ್ಲ ಹಾಕಿದ ಶಾಪವನ್ನು ನುಂಗಿಕೊಂಡಿದ್ದ ಕಾಸಿಮುವಿಗೆ ಈ ಹಾರೈಕೆಯೊಂದನ್ನು ನುಂಗಲಾಗಲಿಲ್ಲ.

“ಅಮ್ಮಾ… ಅದು ನಾನೇ.”

“ನೀನಾ!” ಪಿಲಿ ಖಾಲಿ ತಟ್ಟೆಯನ್ನೇ ಎತ್ತಿ ಹಿಡಿದಳು.

“ಸುಮ್ನಿರೇ,” ಎಂದಳು ಮುದುಕಿ. “ಯಾವ ಕೈ ಮಗಾ?”

“ಬಲಗೈ.”

“ಕೊಡಿಲ್ಲಿ.”

ಹಿರಿಯರ ಕೈಗೆ ಕಿರಿಯರು ಮುತ್ತಿಡುವುದು ಅಲ್ಲಿನ ರೂಢಿ. ಮುದುಕಿ ಅವನ ಬೆರಳುಗಳನ್ನು ತಡವಿ ಹಿಡಿದು, ಅಂಗೈಗೆ ತಾನೇ ಮುತ್ತಿಟ್ಟಳು. ಕಾಸಿಮು ಮುಖವನ್ನು ಬೇರೆಡೆಗೆ ತಿರುಗಿಸಿಕೊಂಡ.

“ಮುಂದಿನ ಆಟಕ್ಕೆ ಜನರನ್ನ ಬಿಡ್ತಾರಾ?”

“ಬಿಡ್ತಾರಮ್ಮ. ಶಿಕ್ಷೆ ಇವತ್ತಿಗೆ ಮುಗೀತು.”

ಮುದುಕಿ ಹಿಡಿದಿದ್ದ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಹಾಗಾದ್ರೆ ನನ್ನನ್ನೂ ಕರ್ಕೊಂಡ್ಹೋಗು. ಈ ಸಲ ಬಾಟಲಿ ನಾನು ಎಸೀತೀನಿ. ಕುರುಡಿ ಮೇಲೆ ಯಾರಿಗೆ ಅನುಮಾನ ಬರತ್ತೆ?”