ಜೊತೆಗೆ ಒಬ್ಬರು

"ವಿಮಾನ ಹತ್ತಿದರೆ ಸಾಯ್ತೀರಿ ಮಾಮ. ಎಷ್ಟು ಸಲ ಹೇಳಬೇಕು?"

"ಗೊತ್ತುಂಟು ಮಾರಾಯ್ತಿ. ಅದು ಯಾವಾಗ ಬರ್ತದೆ, ಅದನ್ನು ಹೇಳು."

ಫೋನ್ ಹಿಡಿದೇ ದೀಕ್ಷಿತಾ ಹಣೆ ಚಚ್ಚಿಕೊಂಡಳು. ಪುಣೆಯ ವಿಮಾನ ನಗರ ಬಡಾವಣೆಯ ಈ ಕಚೇರಿಗೆ ಸೇರಿ ಇನ್ನೂ ವಾರವಾಗಿರಲಿಲ್ಲ. ಯುದ್ಧ, ನೆರೆ, ಸಾಂಕ್ರಾಮಿಕ ರೋಗಗಳ ನಡುವೆ ಸಿಕ್ಕಿಬಿದ್ದ ರೋಗಿಗಳನ್ನು ವಿಮಾನದಲ್ಲಿ ಹೊರತರುವ ಸಂಸ್ಥೆ ಅದು. ಹೋಟೆಲಿನ ಗಲ್ಲಾದಲ್ಲಿ ಕೂರು ಎಂದು ಅಪ್ಪ ಗೋಗರೆದಿದ್ದರು. ಕೇಳದೆ ಬಂದಿದ್ದಳು. ಬಂದರೆ, ಮೊದಲ ರೋಗಿಯೇ ಇನ್ನೊಬ್ಬ ಹೋಟೆಲಿನವರು.

ಸುಬ್ಬಯ್ಯ ಕುಂದಾಪುರದ ಕಡೆಯವರು. ಆಫ್ರಿಕಾದ ಒಂದು ಬಂದರು ಊರಿನಲ್ಲಿ ಬಹಳ ವರ್ಷಗಳಿಂದ ದೋಸೆ ಹೋಟೆಲು ಇಟ್ಟುಕೊಂಡಿದ್ದರು. ಮದುವೆಯಿಲ್ಲ, ಮಕ್ಕಳುಮರಿ ಇಲ್ಲ. ಈಗ ಆ ಊರಿನ ಸುತ್ತ ಬಂದೂಕು, ಒಳಗೆ ಕಾಲರಾ. ಅವರಿಗೆ ಕಾಲರಾ ತಗಲಿರಲಿಲ್ಲ. ಹೃದಯ ಸೋತು ಎದೆಯಲ್ಲಿ ನೀರು ತುಂಬಿತ್ತು. ಮಲಗಿದಲ್ಲೇ ಮಲಗಿದ್ದರೆ ಒಂದೆರಡು ತಿಂಗಳು ದೂಡಬಹುದು, ಮೇಲೆ ಹಾರಿಸಿದರೆ ಉಳಿಯುವುದು ಅನುಮಾನ ಎಂದು ಅಲ್ಲಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಉಳಿದಿದ್ದದ್ದು ಒಂದೇ ವಿಮಾನ. ಕಾಲರಾದವರನ್ನು ಅದಕ್ಕೆ ಹತ್ತಿಸುವಂತಿಲ್ಲ. ಕಾಯಿಲೆಯಿಲ್ಲದವರು ಎಷ್ಟು ಅತ್ತರೂ ಜಾಗವಿಲ್ಲ. ಒಬ್ಬ ರೋಗಿಗೆ ಜೊತೆಗೆ ಒಬ್ಬರು, ಅಷ್ಟೇ. ಸುಬ್ಬಯ್ಯನವರ ವಿಷಯದಲ್ಲಿ ಹೂಂ ಅನ್ನಬೇಕಾದವಳು ದೀಕ್ಷಿತಾ. ಕನ್ನಡ ಬರುತ್ತದೆಂದು ಅವಳ ತಲೆಗೇ ಕಟ್ಟಿದ್ದರು.

"ಜೊತೆಗೆ ಜ್ಯೋತ್ಸ್ನಾ ಬರ್ತಾಳೆ," ಎಂದರು ಸುಬ್ಬಯ್ಯ. "ಅದಂತೂ ಖಾಯಂ."

"ಯಾರು ಅವರು?"

"ನಮ್ಮ ಹೋಟೆಲಿನವಳೇ. ದೋಸೆ ಹೊಯ್ಯುವವನೂ ಅವನ ಹೆಂಡತಿಯೂ ಒಂದೇ ವಾರದಲ್ಲಿ ಕಾಲರಾಕ್ಕೆ ಹೋದರಲ್ಲ, ಈಗ ನನ್ನ ಜೊತೆ ಉಳಿದದ್ದು ಅವಳೊಬ್ಬಳೇ. ನನ್ನ ಕೈ ಬಿಟ್ಟು ಆಚೆ ಹೋಗುವುದಿಲ್ಲ."

"ಅವರ ತೂಕ ಎಷ್ಟು? ವಿಮಾನದವರಿಗೆ ಬೇಕು."

"ಅರ್ಧ ಚೀಲ ಅಕ್ಕಿಯಷ್ಟೂ ಇಲ್ಲ." ಮುದುಕರು ಕೆಮ್ಮುತ್ತಲೇ ನಕ್ಕರು.

ಸಾಯುವ ಹೊತ್ತಿಗೂ ತಮಾಷೆ! ದೀಕ್ಷಿತಾ ಐವತ್ತು ಕಿಲೋ ಎಂದು ಬರೆದುಕೊಂಡಳು.

"ಅವಳಿಗೆ ಕಿಟಕಿ ಬದಿಯ ಸೀಟು ಸಿಗ್ತದಾ?"

ದೀಕ್ಷಿತಾಳ ಮೈ ಉರಿಯಿತು. ಇವರು ಉಸಿರಾಟಕ್ಕೆ ಒದ್ದಾಡುತ್ತಿದ್ದಾರೆ, ಆ ಮಹಾರಾಣಿಗೆ ಕಿಟಕಿ ಬೇಕಂತೆ!

ಹಿಂದೆ ನಿಂತು ಕೇಳುತ್ತಿದ್ದ ಹಿರಿಯ ಅಧಿಕಾರಿ ಮುಕ್ತಾ ಧಾರವಾಡದವರು. ಇಂಥವನ್ನು ಬಹಳ ಕಂಡವರು. "ಸುಳಿವು ಹತ್ತಿತೇನ್ರಿ?" ಎಂದರು ಮೆಲ್ಲಗೆ. "ಆಕಿಗೆ ಅಲ್ಲಿಂದ ಪಾರಾಗೋದದ. ಒಬ್ಬಾಕಿನ ಬಂದ್ರ ಯಾರೂ ಹತ್ತಿಸ್ಕೊಳ್ಳೂದಿಲ್ಲ. ಅದಕ್ಕ ಅಜ್ಜಾರ ತಲಿ ತಿರುವ್ಯಾಳ. ಭಾಳ ಹುಷಾರಿರ್ರಿ."

ದೀಕ್ಷಿತಾಳಿಗೂ ಅದೇ ಅನಿಸಿತು. ಹೆಂಡತಿ ಮಕ್ಕಳಿಲ್ಲದ ಮುದುಕರು. ಒಳ್ಳೆಯ ಮಾತಾಡಿದವಳ ಸೆರಗು ಹಿಡಿದಿದ್ದಾರೆ.

"ಜ್ಯೋತ್ಸ್ನಾ ಕೈಗೆ ಫೋನ್ ಕೊಡಿ," ಎಂದಳು ಬಿರುಸಾಗಿ.

"ಅವಳು ಮಲಗಿದ್ದಾಳೆ."

"ಮಧ್ಯಾಹ್ನ?"

"ಈಗ ಮಲಗಿದಳು ಅಷ್ಟೇ. ಎಬ್ಬಿಸುವುದಿಲ್ಲ ನಾನು."

"ಮಾಮ, ಅವರು ನಿಮ್ಮನ್ನು ಬಲವಂತ ಮಾಡ್ತಿದ್ದಾರಾ? ನಿಜ ಹೇಳಿ."

ಸುಬ್ಬಯ್ಯ ಉಬ್ಬಸದ ನಡುವೆಯೇ ತಿರುಗಿ ಕೇಳಿದರು: "ನಡುದಾರಿಯಲ್ಲಿ ನಾನು ಹೋಗಿಬಿಟ್ಟರೆ ವಿಮಾನ ಹಿಂದಕ್ಕೆ ತಿರುಗ್ತದಾ?"

"ಇಲ್ಲ. ಪುಣೆಗೇ ಬರ್ತದೆ."

"ಹಾಗಾದರೆ ಸಾಕು."

ಹುಟ್ಟಿದ ದೇಶದ ಮಣ್ಣು ಸೇರುವ ಆಸೆ, ಪಾಪ, ಎಂದುಕೊಂಡಳು ದೀಕ್ಷಿತಾ. ಆದರೂ ಹೂಂ ಅನ್ನಲು ನಾಲಿಗೆ ಏಳಲಿಲ್ಲ. ಯಾರನ್ನೋ ಬದುಕಿಸುತ್ತೇನೆಂದು ಮನೆಯವರನ್ನು ಎದುರುಹಾಕಿಕೊಂಡು ಈ ಕೆಲಸಕ್ಕೆ ಸೇರಿದವಳು. ಮೊದಲ ರೋಗಿಯನ್ನೇ ಕೈಯಾರೆ ಕೊಲ್ಲುವುದೇ?

"ಬೇಡ ಮಾಮ. ಅಲ್ಲೇ ಇರಿ. ನಾನು ಒಪ್ಪುವುದಿಲ್ಲ."

ಸುಬ್ಬಯ್ಯ ಜಗಳಕ್ಕೆ ಬರಲಿಲ್ಲ. ಅಳತೊಡಗಿದರು. ಉಸಿರು ಸಾಲದೆ ಅಳುವೂ ಪೂರ್ತಿಯಾಗುತ್ತಿರಲಿಲ್ಲ. "ಇನ್ನು ಯಾರ ಕಾಲು ಹಿಡಿಯುವುದು ಮಗಾ? ನಿನ್ನದೇ ಹಿಡೀತೇನೆ. ನಾಳೆಯ ವಿಮಾನ ತಪ್ಪಿದರೆ ಎಲ್ಲ ಮುಗೀತು. ನನ್ನನ್ನು ಹತ್ತಿಸು."

ದೀಕ್ಷಿತಾ ಸೋತಳು. ಕಣ್ಣು ಮುಚ್ಚಿಕೊಂಡು ಹೂಂ ಎಂದಳು.

"ನಿಲ್ದಾಣಕ್ಕೆ ನೀನೇ ಬರ್ತೀಯಲ್ಲ? ಬೇರೆ ಯಾರನ್ನೂ ಕಳಿಸಬೇಡ. ನಿನ್ನ ಹೆಸರು ಹೇಳಿಟ್ಟಿದ್ದೇನೆ."

"ನಾನೇ ಬರ್ತೇನೆ ಮಾಮ."

ಮರುದಿನ ವಿಮಾನ ಸಮುದ್ರದ ಮೇಲೆ ಇದ್ದಾಗಲೇ ಸುದ್ದಿ ಬಂತು. ದೀಕ್ಷಿತಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಮುಖ ಒರೆಸಿಕೊಂಡಾಗ ದುಃಖದ ಜೊತೆ ಸಿಟ್ಟೂ ಇತ್ತು. ತಾನು ಕೊಂದಿದ್ದಳು, ಸರಿ. ಕೊಲ್ಲಿಸಿದವಳು ಕಿಟಕಿ ಬದಿಯಲ್ಲಿ ಆರಾಮಾಗಿ ಕೂತು ಬರುತ್ತಿದ್ದಳು.

"ನಾನೂ ಬರಲೇನ್ರಿ?" ಎಂದರು ಮುಕ್ತಾ.

"ಬೇಡ ಮೇಡಂ. ಆಕೆಯ ಹತ್ತಿರ ನಾನೇ ಮಾತಾಡಬೇಕು."

ಕೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಳು. ನಾಚಿಕೆಯಾಗುವುದಿಲ್ಲವೇ ನಿನಗೆ? ಒಬ್ಬರ ಪ್ರಾಣ ಕೊಟ್ಟು ಟಿಕೆಟ್ ಕೊಂಡೆಯಲ್ಲ?

ಮಧ್ಯಾಹ್ನದ ಬಿಸಿಲಿಗೆ ಪುಟ್ಟ ವಿಮಾನ ಬಂದು ನಿಂತಿತು. ಮೊದಲು ಸ್ಟ್ರೆಚರ್ ಇಳಿಯಿತು. ಮೇಲೆ ಮುಖದವರೆಗೂ ಬಿಳಿ ಬಟ್ಟೆ. ದೀಕ್ಷಿತಾ ಕೈಮುಗಿದಳು. ಆಮೇಲೆ ನರ್ಸ್ ಕಡೆ ತಿರುಗಿ ಮರಾಠಿಯಲ್ಲಿ ಗಡುಸಾಗಿ ಕೇಳಿದಳು, ಇವರ ಜೊತೆಗಿದ್ದವಳು ಎಲ್ಲಿ?

ನರ್ಸ್ ವಿಮಾನದ ಬಾಗಿಲಿನ ಕಡೆ ನೋಡಿ, ಮುಖ ಆಚೆ ತಿರುಗಿಸಿಕೊಂಡಳು.

ಮುದುಕರ ಶಾಲು ನೆಲಕ್ಕೆ ಎಳೆದಾಡುತ್ತ, ಮುಂದಿನ ಎರಡು ಹಾಲುಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಕೂತುಕೂತು ಒಂದೊಂದೇ ಮೆಟ್ಟಿಲು ಇಳಿದು ಬಂದು, ದೀಕ್ಷಿತಾಳ ಬೆರಳು ಹಿಡಿದುಕೊಂಡಳು: "ದೀಕ್ಷಿತಕ್ಕ ಅಂದ್ರೆ ನೀವಾ? ನಾನು ಜ್ಯೋತ್ಸ್ನಾ. ಅಜ್ಜ ಮಲಗಿದ್ದಾರೆ, ಎಬ್ಬಿಸಬೇಡಿ. ನನಗೆ ಕಿಟಕಿ ಸೀಟು ಕೊಡಿಸಿದ್ದು ನೀವೇ ಅಂತ ಹೇಳಿದ್ರು."